ಸೆರಗಿನ ಕೆಂಪು

2004ರ ಬೇಸಿಗೆಯಲ್ಲಿ ಸಾಲ ಮಾಡಿ ಕೊಂಡ ಡಿಜಿಟಲ್ ಕ್ಯಾಮೆರಾದಿಂದ ತೆಗೆದ ಮೊದಲ ಮದುವೆಯ ಫೋಟೋಗಳನ್ನು ಹುಬ್ಬಳ್ಳಿಯ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಬಾಗಲಕೋಟೆ ನವನಗರದ ನಮ್ಮ ಸ್ಟುಡಿಯೋದಲ್ಲಿ ಕಾಕಾನ ಮುಂದೆ ಹರವಿದ್ದೆ. ಮೂವತ್ತು ವರ್ಷ ಫೋಟೋದಲ್ಲೇ ಪಳಗಿದ ಕೈ ಅವರದು. ಅವರ ಬಾಯಿಂದ ಒಂದು ಮೆಚ್ಚುಗೆಯ ಮಾತು ಬಂದರೆ ಸಾಲದ ಭಾರ ಅರ್ಧ ಇಳಿದೀತು ಎಂಬ ಆಸೆ ನನಗಿತ್ತು. ಅವರು ಒಂದು ಫೋಟೋವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ನಿಂತರು. ಮದುಮಗಳನ್ನು ನೋಡಲಿಲ್ಲ, ಮದುಮಗನನ್ನೂ ನೋಡಲಿಲ್ಲ. ಪಕ್ಕದಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದ ಮದುಮಗಳ ತಾಯಿಯ ಇಳಕಲ್ ಸೀರೆಯ ಸೆರಗಿನ ಮೇಲೆ ಅವರ ಕಣ್ಣು ನೆಟ್ಟಿತು. "ತಮ್ಮಾ, ಈ ಸೆರಗಿನ್ಯಾಗ ನೂಲು ಎಲ್ಲೈತಿ? ಬಿಳೀ ತೆನಿ ಕಾಣಸ್ತಾವು, ಕೆಂಪಂತೂ ಬರೇ ಬಣ್ಣಾ ಬಳದಂಗ ಆಗೇತಿ" ಎಂದು ಹೇಳಿ, ಫೋಟೋವನ್ನು ಮೇಜಿನ ಮೇಲಿಟ್ಟು ಊಟಕ್ಕೆ ಹೋದರು.

ಆ ಮಾತನ್ನು ನಾನು ಅಂದು ವಯಸ್ಸಾದವರ ಹಟವೆಂದು ತಳ್ಳಿಹಾಕಿದೆ. ನನ್ನ ಓರಗೆಯ ಫೋಟೋಗ್ರಾಫರರು ಒಂದೆಡೆ ಸೇರಿದಾಗಲೆಲ್ಲ ಇದೇ ಮಾತು ಬರುತ್ತಿತ್ತು: ಹಳಬರಿಗೆ ಕಂಪ್ಯೂಟರ್ ಎಂದರೆ ಅಂಜಿಕೆ, ಹೊಸದನ್ನು ಕಲಿಯುವ ಮನಸ್ಸಿಲ್ಲ, ಅದಕ್ಕೇ ರೀಲಿನ ಗುಣಗಾನ ಮಾಡುತ್ತ ಕೂಡುತ್ತಾರೆ. ಇಪ್ಪತ್ತು ವರ್ಷ ಕಳೆದ ಮೇಲೆ, ಅದೇ ಕಾಕಾ ಬಿಟ್ಟಿರುವ ನೆಗೆಟಿವ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡುತ್ತಿರುವ ಈ ದಿನಗಳಲ್ಲಿ, ನಾವು ಅವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ ಎಂದು ನನಗೆ ಖಚಿತವಾಗಿದೆ. ಫಿಲ್ಮಿನವರು ಡಿಜಿಟಲ್ಲನ್ನು ಒಪ್ಪಿದ್ದಕ್ಕೂ ಒಪ್ಪದೇ ಇದ್ದದ್ದಕ್ಕೂ ಅವರ ವಯಸ್ಸಿನೊಡನೆ ಇದ್ದ ಸಂಬಂಧ ಬಹಳ ಕಡಿಮೆ. ಫೋಟೋ ಎಂಬ ಉದ್ದನೆಯ ಕೆಲಸದಲ್ಲಿ ಅವರವರ ಕೈ ಯಾವ ಹಂತದಲ್ಲಿ ಪಳಗಿತ್ತು, ಯಾವ ಹಂತವನ್ನು ಅವರು ತಮ್ಮದೆಂದು ತಿಳಿದಿದ್ದರು ಎಂಬುದೇ ಅದನ್ನು ತೀರ್ಮಾನಿಸಿತ್ತು.

ಕಾಕಾನ ಕೈ ಪಳಗಿದ್ದು ಡಾರ್ಕ್ ರೂಮಿನಲ್ಲಿ. 1994ರಲ್ಲಿ ಪಿಯುಸಿ ಮುಗಿಸಿ ನಾನು ಅವರ ಕೈಕೆಳಗೆ ಸೇರಿದಾಗ ಸ್ಟುಡಿಯೋ ಇನ್ನೂ ಹಳೇ ಊರಿನಲ್ಲಿತ್ತು. ಅಂಗಡಿಯ ಹಿಂಭಾಗದಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಿಗೆ ಒರಗಬೇಕಾದಷ್ಟು ಸಣ್ಣ ಕೋಣೆ; ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಒಂದು ಎನ್ಲಾರ್ಜರ್, ಮೂರು ತಾಟು, ಕೆಂಪು ಬಲ್ಬು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಪೇಪರಿನ ಪೊಟ್ಟಣಗಳು ಮೇಲಿನ ಹಲಗೆಯಲ್ಲಿ ಇರುತ್ತಿದ್ದವು. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು ಕಾಕಾ ಸಿದ್ಧ ಡಬ್ಬಿಯಲ್ಲಿ ತರುತ್ತಿರಲಿಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ತಾವೇ ತೂಗಿ ಕೂಡಿಸುತ್ತಿದ್ದರು. ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಒಟ್ಟು ಒಂದು ಲೀಟರ್ ನೀರು. ಇದು 1927ರಲ್ಲಿ ಕೊಡಕ್ ಕಂಪನಿ ಹೊರತಂದ ಡಿ-76 ಎಂಬ ಲೆಕ್ಕ. ನನಗೆ ಇಂದಿಗೂ ಮಗ್ಗಿಯಂತೆ ಬಾಯಿಗೆ ಬರುತ್ತದೆ.

ಆ ಲೆಕ್ಕಕ್ಕೆ ಬೇಕಾದ ನೀರು 20 ಡಿಗ್ರಿಯದು. ಏಪ್ರಿಲ್ ಬಂತೆಂದರೆ ನಮ್ಮೂರಿನ ಬಿಸಿಲು 40 ದಾಟುತ್ತದೆ, ನಳದ ನೀರೇ ಕೈಗೆ ಬೆಚ್ಚಗೆ ಹತ್ತುತ್ತದೆ. ಬಿಸಿ ನೀರಿನಲ್ಲಿ ಫಿಲ್ಮಿನ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಅಂಚಿನಲ್ಲಿ ನೆರಿಗೆ ಬೀಳುತ್ತದೆ. ಕೆಲವೊಮ್ಮೆ ಚರ್ಮ ಸುಲಿದಂತೆ ಎದ್ದೇ ಬರುತ್ತದೆ. ಅದಕ್ಕಾಗಿ ಕಾಕಾ ಡಾರ್ಕ್ ರೂಮಿನ ಮೂಲೆಯಲ್ಲಿ ಒಂದು ರಂಜಣಗಿಯನ್ನು ಹೂತಿಟ್ಟು, ಹಿಂದಿನ ರಾತ್ರಿಯೇ ನೀರು ತುಂಬಿಸಿ, ಅದರ ಸುತ್ತ ಹಸಿ ಗೋಣಿತಟ್ಟು ಹೊದಿಸುತ್ತಿದ್ದರು. ಅದೂ ಸಾಲದ ದಿನ ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೆವಲಪರಿನಲ್ಲಿ ತೇಲಿಬಿಡುತ್ತಿದ್ದರು. ನೀರು ಒಂದೊಂದು ಡಿಗ್ರಿ ಏರಿದಂತೆ ಎಷ್ಟು ಸೆಕೆಂಡು ಕಡಿಮೆ ತೊಳೆಯಬೇಕು ಎಂಬುದನ್ನು ಅವರು ಗಡಿಯಾರ ನೋಡಿ ತಿಳಿಯುತ್ತಿರಲಿಲ್ಲ. ಬೆರಳು ಅದ್ದಿ ನೋಡಿ ಹೇಳುತ್ತಿದ್ದರು; ನಾನು ಥರ್ಮಾಮೀಟರ್ ಹಿಡಿದು ನೋಡಿದಾಗಲೆಲ್ಲ ಬೆರಳಿನ ಮಾತು ಸರಿಯಾಗಿರುತ್ತಿತ್ತು. ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೊ ದ್ರಾವಣವನ್ನು ಬಳಸಿ ಮುಗಿದ ಮೇಲೂ ಚೆಲ್ಲುವಂತಿರಲಿಲ್ಲ. ಅದರಲ್ಲಿ ಕರಗಿ ಸೇರಿದ ಬೆಳ್ಳಿಯನ್ನು ತೆಗೆಯುವವನೊಬ್ಬ ತಿಂಗಳಿಗೊಮ್ಮೆ ಕ್ಯಾನು ಹಿಡಿದು ಬರುತ್ತಿದ್ದ.

ಇದೆಲ್ಲಕ್ಕಿಂತ ಮೇಲಿನದು ಟಚಿಂಗ್. ಕಿಟಕಿಯ ಕಡೆಗೆ ಮುಖ ಮಾಡಿದ ಓರೆ ಹಲಗೆ, ಅದರ ನಡುವೆ ಒಂದು ಗಾಜು, ಗಾಜಿನ ಮೇಲೆ ನೆಗೆಟಿವ್. ಪೆನ್ಸಿಲ್ಲಿನ ಕಟ್ಟಿಗೆಯನ್ನು ಒಂದೂವರೆ ಅಂಗುಲ ಕೆತ್ತಿ ತೆಗೆದು, ಒಳಗಿನ ಕಡ್ಡಿಯನ್ನು ಉಸುಕಿನ ಕಾಗದದ ಮೇಲೆ ತಿಕ್ಕಿ ಸೂಜಿಯ ಮೊನೆಯಷ್ಟು ಮಾಡುತ್ತಿದ್ದರು. ಮುಖದ ಮೇಲಿನ ಕಲೆ, ಕಣ್ಣ ಕೆಳಗಿನ ಕಪ್ಪು, ಸುಕ್ಕು ಇವೆಲ್ಲ ಪ್ರಿಂಟಿನಲ್ಲಿ ಕಪ್ಪಾಗಿ ಬರುವ ಜಾಗಗಳು; ಎಂದರೆ ನೆಗೆಟಿವ್‌ನಲ್ಲಿ ಬೆಳ್ಳಿ ತೆಳುವಾಗಿ ನಿಂತು ಬೆಳಕು ಹೆಚ್ಚು ತೂರುವ ಜಾಗಗಳು. ಆ ತೆಳುವನ್ನು ಪೆನ್ಸಿಲ್ಲಿನ ಚುಕ್ಕೆಗಳಿಂದ ತುಂಬಿದರೆ ಪ್ರಿಂಟಿನಲ್ಲಿ ಅಲ್ಲಿ ಬಣ್ಣ ತಿಳಿಯಾಗುತ್ತದೆ. ಚುಕ್ಕೆ ಒಂದು ಕೂದಲೆಳೆಯಷ್ಟು ಹೆಚ್ಚಾದರೆ ಮುಖದ ಮೇಲೆ ಬಿಳಿ ಮಚ್ಚೆ ಎದ್ದು ನಿಲ್ಲುತ್ತದೆ. ಕಾಕಾ ಉಸಿರು ಬಿಗಿಹಿಡಿದು, ಅಲ್ಪವಿರಾಮದ ಆಕಾರದ ಸಣ್ಣ ಸಣ್ಣ ಗೀರುಗಳನ್ನು ಹಾಕುತ್ತಿದ್ದರು. ನಮ್ಮ ದೇಶ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 1977ರಲ್ಲಿ. ಅದಕ್ಕೂ ಮೊದಲು ಮೈಲಿ ಎದ್ದು ಉಳಿದುಕೊಂಡ ಹೆಣ್ಣುಮಕ್ಕಳಲ್ಲಿ ಮದುವೆಯ ಮಾತುಕತೆಗೆ ಫೋಟೋ ತೆಗೆಸಲು ನಮ್ಮ ಸ್ಟುಡಿಯೋಕ್ಕೆ ಬಂದವರಿಗೆ ಲೆಕ್ಕವಿಲ್ಲ. ಆ ಹೆಣ್ಣುಮಕ್ಕಳ ಒಂದೊಂದು ಮುಖಕ್ಕೆ ಕಾಕಾ ಒಂದೊಂದು ಮುಂಜಾನೆಯನ್ನೇ ಕೊಟ್ಟಿದ್ದಾರೆ. ಕ್ಯಾಮೆರಾದ ಗುಂಡಿ ಒತ್ತುವುದು ಅವರಿಗೆ ದೊಡ್ಡ ಕೆಲಸವೆನಿಸಿರಲೇ ಇಲ್ಲ. ಅದನ್ನು ನನಗೆ ಮೊದಲ ವರ್ಷವೇ ಬಿಟ್ಟುಕೊಟ್ಟಿದ್ದರು. ಪೆನ್ಸಿಲ್ಲನ್ನು ನನ್ನ ಕೈಗೆ ಕೊಡಲಿಲ್ಲ.

ಅವರೇ ಒಮ್ಮೆ ಹೇಳಿದ ಮಾತು ನನಗೆ ಈ ಇಡೀ ವಿಷಯದ ಕೀಲಿಕೈಯಂತೆ ತೋರುತ್ತದೆ. ಅವರ ಗುರುಗಳು ಬೆಳಗಾವಿಯಲ್ಲಿ ದೊಡ್ಡ ಪ್ಲೇಟ್ ಕ್ಯಾಮೆರಾ ಇಟ್ಟುಕೊಂಡಿದ್ದವರು. ಕಾಕಾ ಹುಡುಗರಾಗಿದ್ದಾಗ 35 ಎಂಎಂ ಕ್ಯಾಮೆರಾ ಕೊಳ್ಳೋಣವೆಂದು ಕೇಳಿದರೆ ಗುರುಗಳು, "ಅಷ್ಟು ಸಣ್ಣ ನೆಗೆಟಿವ್ ಮ್ಯಾಲೆ ಪೆನ್ಸಿಲ್ ಎಲ್ಲಿ ಊರ್ತಿಯೋ?" ಎಂದಿದ್ದರಂತೆ. ಮಾತು ನಿಜವೇ. 24ಕ್ಕೆ 36 ಮಿಲಿಮೀಟರಿನ ಆ ಚೌಕಟ್ಟಿನಲ್ಲಿ ನಿಂತ ಮನುಷ್ಯನ ಮುಖ ಜೋಳದ ಕಾಳಿನಷ್ಟಾಗುತ್ತದೆ. ಅದರ ಮೇಲೆ ಯಾವ ಪೆನ್ಸಿಲ್ಲೂ ನಡೆಯುವುದಿಲ್ಲ. ಲೈಕಾ ಕ್ಯಾಮೆರಾ 1925ರಲ್ಲೇ ಮಾರುಕಟ್ಟೆಗೆ ಬಂದು, ಅದನ್ನು ಕೊರಳಿಗೆ ಹಾಕಿಕೊಂಡವರು ಬೀದಿಬೀದಿ ಸುತ್ತಿ ಫೋಟೋಗ್ರಫಿಯ ರೂಪವನ್ನೇ ಬದಲಾಯಿಸಿದ್ದರೂ, ಆ ಗುರುಗಳ ಮಟ್ಟಿಗೆ ಅದು ಅವರ ಕೈಕೆಲಸವನ್ನು ತಿಂದುಹಾಕುವ ಯಂತ್ರವೇ ಆಗಿತ್ತು. ನಮ್ಮ ನೆಲದ ಮಟ್ಟಿಗೆ ಹೇಳುವುದಾದರೆ, 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದದ್ದು ಕಾಗದದ ನೆಗೆಟಿವ್‌ಗಳ ಮೇಲೆ. ಕಾಗದ ಹೋಗಿ ಗಾಜು ಬಂತು, ಗಾಜು ಹೋಗಿ ಫಿಲ್ಮ್ ಬಂತು. ಪ್ರತಿ ಸಲವೂ ಒಂದು ಹಂತದಲ್ಲಿ ಪಳಗಿದ ಕೈಗಳು ಖಾಲಿಯಾಗಿರಬೇಕು.

ಕಾಕಾನ ಡಾರ್ಕ್ ರೂಮನ್ನು ಡಿಜಿಟಲ್ ಕಸಿದುಕೊಂಡಿತು ಎಂದು ನಾವು ಹೇಳುತ್ತಿದ್ದುದೂ ಪೂರ್ತಿ ಸರಿಯಲ್ಲ. ಅದನ್ನು ಮೊದಲು ಕಸಿದದ್ದು ಕಲರ್. ಕಲರ್ ನೆಗೆಟಿವ್ ತೊಳೆಯುವ ಸಿ-41 ಪದ್ಧತಿಯಲ್ಲಿ ಡೆವಲಪರ್ 37.8 ಡಿಗ್ರಿಯಲ್ಲೇ ನಿಲ್ಲಬೇಕು, 3 ನಿಮಿಷ 15 ಸೆಕೆಂಡು. ಕಾಲು ಡಿಗ್ರಿ ಆಚೀಚೆಯಾದರೂ ಬಣ್ಣ ಕೆಡುತ್ತದೆ. ಬೆರಳು ಅದ್ದಿ ಹೇಳುವ ಲೆಕ್ಕ ಅಲ್ಲಿ ನಡೆಯುವುದಿಲ್ಲ, ರಂಜಣಗಿಗೂ ಅಲ್ಲಿ ಕೆಲಸವಿಲ್ಲ. ಹಾಗಾಗಿ ಮದುವೆಯ ಕಲರ್ ರೋಲುಗಳು ಹುಬ್ಬಳ್ಳಿಯ ಲ್ಯಾಬಿಗೆ ಹೋಗತೊಡಗಿದವು, ಕಾಕಾನ ಪಾಲಿಗೆ ಪರೀಕ್ಷೆಯ ಹಾಲ್ ಟಿಕೆಟ್ಟಿನ ಪಾಸ್‌ಪೋರ್ಟ್ ಸೈಜಿನ ಬ್ಲ್ಯಾಕ್ ಆಂಡ್ ವೈಟ್ ಫೋಟೋಗಳು ಉಳಿದವು. 2004ರಲ್ಲಿ ನನ್ನ ಕ್ಯಾಮೆರಾ ಬಂದಾಗ ಅವರು ಎರಡನೆಯ ಸಲ ಸೋಲುತ್ತಿದ್ದರು. ಇದು ನನ್ನ ಗಮನಕ್ಕೆ ಬರಲು ಇಷ್ಟು ವರ್ಷ ಬೇಕಾದದ್ದು ನನಗೆ ನೋವಿನ ವಿಷಯ.

ಇದೇ ಊರಿನ ಇನ್ನಿಬ್ಬರನ್ನು ನೋಡಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. ಒಬ್ಬರು ಪತ್ರಿಕೆಗೆ ಫೋಟೋ ಕೊಡುತ್ತಿದ್ದವರು, ಕಾಕಾಗಿಂತ ಎರಡು ವರ್ಷ ಹಿರಿಯರು. ಬಾಗಲಕೋಟೆಯ ಹೋಳಿ ಎಂದರೆ ಸುತ್ತಲಿನ ಜಿಲ್ಲೆಗಳಿಗೆಲ್ಲ ಗೊತ್ತು. ಬಂಡಿಗಳ ಮೇಲೆ ಬ್ಯಾರಲ್ ಇಟ್ಟು ಬಣ್ಣ ಎರಚುವ ಆ ಗದ್ದಲದಲ್ಲಿ ಕ್ಯಾಮೆರಾವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಫೋಟೋ ತೆಗೆದು, ರೋಲು ಅರ್ಧ ಉಳಿದಿದ್ದರೂ ಹೊರತೆಗೆದು, ಲಕೋಟೆಯಲ್ಲಿ ಹಾಕಿ, ಬಸ್ ಸ್ಟ್ಯಾಂಡಿಗೆ ಓಡಿ, ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಅವರ ದಿನಚರಿ. ಬಸ್ಸು ಕೆಟ್ಟರೆ, ಆ ತುದಿಯಲ್ಲಿ ಲಕೋಟೆ ಒಯ್ಯುವ ಹುಡುಗ ತಡವಾಗಿ ಬಂದರೆ, ಮರುದಿನದ ಪತ್ರಿಕೆಯಲ್ಲಿ ಫೋಟೋ ಇಲ್ಲ. ಅವರ ಪಳಗಿದ ಶಕ್ತಿ ಇದ್ದದ್ದು ಗುಂಪಿನೊಳಗೆ ತಾವು ನಿಲ್ಲುವ ಜಾಗದಲ್ಲಿ ಮತ್ತು ಗುಂಡಿ ಒತ್ತುವ ಗಳಿಗೆಯಲ್ಲಿ. ಅಲ್ಲಿಂದ ಮುಂದಿನದೆಲ್ಲ ಅವರಿಗೆ ಬರೀ ಆತಂಕ. ಡಿಜಿಟಲ್ ಆ ಆತಂಕವನ್ನು ಕಿತ್ತುಹಾಕಿ ಅವರ ಶಕ್ತಿಯನ್ನು ಹಾಗೇ ಉಳಿಸಿತು. ಕಂಪ್ಯೂಟರನ್ನು ಎಂದೂ ಮುಟ್ಟಿರದ ಅವರು ಅರವತ್ತರ ಹತ್ತಿರ ಬಂದ ಮೇಲೆ ಸೈಬರ್ ಕೆಫೆಯಲ್ಲಿ ಹುಡುಗರ ಪಕ್ಕ ಕೂತು ಇಮೇಲ್ ಕಳಿಸುವುದನ್ನು ಒಂದೇ ವಾರದಲ್ಲಿ ಕಲಿತರು. ಆಮೇಲೆ ರೋಲಿನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ.

ಇನ್ನೊಬ್ಬರು ನನಗಿಂತ ಕೇವಲ ಐದು ವರ್ಷ ದೊಡ್ಡವರು, ಮದುವೆಯ ಫೋಟೋ ಹಿಡಿಯುವುದರಲ್ಲಿ ಊರಿಗೇ ಹೆಸರಾದವರು. ಡಿಜಿಟಲ್ಲಿಗೆ ಬರಲು ಎಲ್ಲರಿಗಿಂತ ತಡ ಮಾಡಿದವರೂ ಅವರೇ. ಕಾರಣ ಸರಳ. ಅವರ ಗಳಿಕೆ ಇದ್ದದ್ದು ಕಾಪಿಗಳಲ್ಲಿ. ನೆಗೆಟಿವ್ ತಮ್ಮ ಹತ್ತಿರ ಇರುವವರೆಗೆ, ಮದುಮಗನ ಸೋದರಮಾವನಿಗೆ ಒಂದು ಕಾಪಿ ಬೇಕಾದರೂ ಅವರ ಅಂಗಡಿಗೇ ಬರಬೇಕಾಗಿತ್ತು. ಸಿಡಿಯಲ್ಲಿ ಎಲ್ಲ ಫೋಟೋ ಹಾಕಿಕೊಟ್ಟ ದಿನವೇ ಆ ದಾರಿ ಮುಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು, ಲೆಕ್ಕ ತಪ್ಪಿರಲಿಲ್ಲ. ಗಿರಾಕಿಗಳ ಮುಂದೆ ಮಾತ್ರ ಅವರು ‘ರೀಲಿನ ಕ್ವಾಲಿಟಿ ಬ್ಯಾರೇನ ಐತ್ರಿ’ ಎನ್ನುತ್ತಿದ್ದರು. ಕ್ವಾಲಿಟಿ ಎಂಬ ಒಂದು ಪದದ ಕೆಳಗೆ ಎಷ್ಟೊಂದು ಬೇರೆ ಬೇರೆ ಸಂಗತಿಗಳು ಅಡಗಿ ಕೂತಿದ್ದವು ಎಂಬುದು ಈಗ ಕಾಣುತ್ತದೆ.

ಊರಿನ ಅಂಗಡಿಗಳ ಮಾತು ಬಿಡೋಣ, ಕೊಡಕ್ ಕಂಪನಿಯೇ ಹೀಗೆ ನಡೆದುಕೊಂಡಿತು. ಆ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಒಂದನ್ನು ಕಟ್ಟಿ ತೋರಿಸಿದ್ದರು. ಅಡ್ಡ 100, ಉದ್ದ 100 ಚುಕ್ಕೆಗಳ ಚಿತ್ರ. ಒಂದು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ಇಳಿಯಲು 23 ಸೆಕೆಂಡು. ಮರುವರ್ಷವೇ ಅದೇ ಕಂಪನಿಯ ಬ್ರೈಸ್ ಬೇಯರ್, ಇಂದಿನ ಬಹುಪಾಲು ಕ್ಯಾಮೆರಾಗಳಲ್ಲಿರುವ ಬಣ್ಣದ ಜಾಲರಿಗೆ ಪೇಟೆಂಟ್ ಪಡೆದರು. ವಿದ್ಯೆ ಇಡಿಯಾಗಿ ಮನೆಯಲ್ಲೇ ಇತ್ತು. ಆದರೆ ಕಂಪನಿಯ ಅನ್ನ ಬರುತ್ತಿದ್ದುದು ಫಿಲ್ಮ್, ಪೇಪರ್, ರಾಸಾಯನಿಕಗಳಿಂದ. 2012ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿದ ಸುದ್ದಿಯನ್ನು ಓದಿ ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ಮನಿದ್ದರು.

ಈಗ ಸೆರಗಿನ ಮಾತಿಗೆ ಬರುತ್ತೇನೆ, ಏಕೆಂದರೆ ಅದರಲ್ಲಿ ಕಾಕಾ ಹೇಳಿದ್ದು ಹಟದ ಮಾತಾಗಿರಲಿಲ್ಲ, ಕಣ್ಣಿನ ಮಾತಾಗಿತ್ತು.

ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ನೇಯುವವರು ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿದಂತೆ ಕೂಡಿಸುತ್ತಾರೆ. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳು ಚುಚ್ಚಿಕೊಂಡು ನಿಲ್ಲುತ್ತವೆ. ಆ ಕೆಂಪು ಒಂದೇ ಕೆಂಪಲ್ಲ. ಬೆಳಕು ಬಿದ್ದ ಕಡೆ ರೇಷ್ಮೆ ಹೊಳೆಯುತ್ತದೆ, ಮಡಿಕೆಯಲ್ಲಿ ಕಪ್ಪಿಗೆ ತಿರುಗುತ್ತದೆ, ಅಡ್ಡ ಎಳೆಗಳು ಸಣ್ಣ ಗೆರೆಗಳಾಗಿ ಎದ್ದು ಕಾಣುತ್ತವೆ. ಕಲರ್ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕುಗಳನ್ನು ಹಿಡಿಯುವ ಪದರಗಳು ಒಂದರ ಕೆಳಗೊಂದು ಇರುತ್ತವೆ. ಸೆರಗಿನ ಪ್ರತಿಯೊಂದು ಬಿಂದುವನ್ನೂ ಮೂರೂ ಪದರಗಳು ನೋಡುತ್ತವೆ. ಬೇಯರನ ಜಾಲರಿಯಲ್ಲಿ ಹಾಗಿಲ್ಲ. ಅಲ್ಲಿ ಒಂದೊಂದು ಚುಕ್ಕೆ ಒಂದೊಂದು ಬಣ್ಣವನ್ನು ಮಾತ್ರ ನೋಡುತ್ತದೆ, ಅರ್ಧ ಚುಕ್ಕೆಗಳು ಹಸಿರಿಗೆ, ಉಳಿದರ್ಧದಲ್ಲಿ ಕೆಂಪಿಗೂ ನೀಲಿಗೂ ಸಮಪಾಲು. ನನ್ನದು 6 ಮೆಗಾಪಿಕ್ಸೆಲ್‌ನ, ಅಂದರೆ 60 ಲಕ್ಷ ಚುಕ್ಕೆಗಳ ಕ್ಯಾಮೆರಾ. ಎಂದರೆ ಆ ಕೆಂಪು ಸೆರಗನ್ನು ನಿಜವಾಗಿ ನೋಡಿದ್ದು ಒಂದೂವರೆ ಮೆಗಾಪಿಕ್ಸೆಲ್. ಉಳಿದದ್ದನ್ನು ಕ್ಯಾಮೆರಾ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಊಹಿಸಿ ತುಂಬಿತ್ತು.

ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿತ್ತು. ಮದುವೆಯ ಮಂಟಪದಲ್ಲಿ ವಿಡಿಯೋದವರು ಹ್ಯಾಲೋಜನ್ ದೀಪ ಹಿಡಿದಿದ್ದರು. ಆ ದೀಪದ ಬೆಳಕಿನಲ್ಲೇ ಕೆಂಪು ಹೆಚ್ಚು, ಬಟ್ಟೆಯೂ ಕೆಂಪು. ಕಲರ್ ನೆಗೆಟಿವ್ ಬೆಳಕು ಹೆಚ್ಚಾದಂತೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಎರಡು ಸ್ಟಾಪ್, ಎಂದರೆ ನಾಲ್ಕು ಪಟ್ಟು, ಹೆಚ್ಚಾದರೂ ಎಳೆ ಎಳೆಯಾದ ವಿವರ ಒಳಗೆ ಉಳಿದೇ ಇರುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ತುಂಬುವವರೆಗೆ ಸರಿಯಾಗಿ ಅಳೆದು, ತುಂಬಿದ ಮೇಲೆ ತಟ್ಟನೆ ನಿಂತುಬಿಡುತ್ತದೆ. ಕೊಡ ತುಂಬಿದ ಮೇಲೆ ಎಷ್ಟು ನೀರು ಸುರಿದರೂ ಕೊಡದಲ್ಲಿ ಅಷ್ಟೇ ಇರುವಂತೆ, ಆ ಸೆರಗಿನ ಹೊಳೆಯುವ ಭಾಗವೂ ಅದರ ಪಕ್ಕದ ಭಾಗವೂ ಒಂದೇ ಅಂಕಿಗೆ ಬಂದು ನಿಂತಿದ್ದವು. ನೂಲು ಹೋಗಿ ಬಣ್ಣ ಬಳಿದಂತಾದದ್ದು ಹೀಗೆ. ಕ್ಯಾಮೆರಾದ ಪರದೆಯ ಮೇಲಿನ ಗ್ರಾಫಿನಲ್ಲಿ ಮೂರೂ ಬಣ್ಣಗಳು ಕೂಡಿದ ಒಟ್ಟು ಬೆಳಕು ಕಾಣುತ್ತಿತ್ತೇ ಹೊರತು ಕೆಂಪು ಮಾತ್ರ ಉಕ್ಕಿ ಹೋಗಿರುವುದು ಕಾಣುತ್ತಿರಲಿಲ್ಲ. ಕೆಂಪಿನ ಗ್ರಾಫನ್ನು ಬೇರೆಯಾಗಿ ನೋಡಬೇಕು, ಇಳಕಲ್ ಸೀರೆ ಎದುರಿಗಿದ್ದರೆ ಬೆಳಕನ್ನು ಮುಕ್ಕಾಲು ಸ್ಟಾಪ್ ಇಳಿಸಬೇಕು, ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿ ಕೊಡುವ ಜೆಪೆಗ್ ಬಿಟ್ಟು, ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲಿನಲ್ಲಿ ತೆಗೆಯಬೇಕು ಎಂದು ನಾನು ಕಲಿಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿದ್ದವು. ಆ ನಾಲ್ಕು ವರ್ಷದ ಮದುವೆಗಳಲ್ಲಿ ಅವ್ವಂದಿರ ಸೆರಗುಗಳೆಲ್ಲ ಬಣ್ಣ ಬಳಿದಂತೆಯೇ ಇವೆ. ಕಾಕಾ ಒಂದೇ ನೋಟಕ್ಕೆ ಕಂಡಿದ್ದರು. ನಾನು ‘ಏಕೆ ಹಾಗೆ ಕಾಣುತ್ತದೆ ಕಾಕಾ’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆದರೆ ಅವರ ಎಲ್ಲ ಆಕ್ಷೇಪಗಳೂ ಹೀಗೆ ಗಟ್ಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ನೋಡಿ ಅವರು, "ಇದು ಖರೇ ಫೋಟೋ ಅಲ್ಲ, ಸುಳ್ಳು" ಎನ್ನುತ್ತಿದ್ದರು. ಈ ಮಾತನ್ನು ನಾನು ಒಪ್ಪಲಾರೆ. ಮೈಲಿಕಲೆಯನ್ನು ಪೆನ್ಸಿಲ್ಲಿನಿಂದ ತುಂಬಿದ್ದು ಸುಳ್ಳಲ್ಲದಿದ್ದರೆ, ಅದನ್ನೇ ಮೌಸ್ ಹಿಡಿದು ಮಾಡಿದ್ದು ಹೇಗೆ ಸುಳ್ಳಾಗುತ್ತದೆ? ನಾನು ಇದನ್ನು ಅವರಿಗೆ ಕೇಳಿಯೂ ಇದ್ದೇನೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು, ಚಹಾ ಕುಡಿಯುತ್ತ, "ನಾ ಒಂದ್ ಮುಖದ ಮುಂದ ಒಂದ್ ಮುಂಜಾನಿ ಕುಂಡ್ರತಿದ್ದೆ. ನೀ ಇಪ್ಪತ್ತ್ ಮುಖ ಒಮ್ಮೆಲೇ ಒರಸ್ತಿ" ಎಂದರು. ಸುಳ್ಳು ಎಂಬ ಪದ ತಪ್ಪಿತ್ತು, ಅದರ ಹಿಂದೆ ಇದ್ದ ಅಸಮಾಧಾನ ನಿಜವಾಗಿತ್ತು. ಒಂದೇ ಫಿಲ್ಟರನ್ನು ಆಲ್ಬಮ್ಮಿನ ಎಲ್ಲ ಮುಖಗಳ ಮೇಲೆ ಓಡಿಸುವವನು ಯಾವ ಮುಖವನ್ನೂ ನೋಡಿರುವುದಿಲ್ಲ. ಅಂದಿನಿಂದ ನಾನು ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ. ಆಲ್ಬಮ್ ಹತ್ತು ದಿನ ತಡವಾಗುತ್ತದೆ, ಆಗಲಿ.

ದೊಡ್ಡ ಹೆಸರಿನವರಲ್ಲೂ ಇದೇ ಬಗೆಯ ಭೇದ ಕಾಣುತ್ತದೆ. ನಮ್ಮ ದೇಶದ ಹೆಸರಾಂತ ಫೋಟೋಗ್ರಾಫರ್ ರಘು ರೈ ಅವರು 2003ರಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದು, ಮತ್ತೆ ಫಿಲ್ಮಿನ ಕಡೆಗೆ ತಿರುಗಲಿಲ್ಲ. ಬೀದಿಯಲ್ಲಿ ನಿಂತು ಗಳಿಗೆಯನ್ನು ಹಿಡಿಯುವವರ ಕೈ ಇರುವುದು ಕ್ಯಾಮೆರಾದಲ್ಲೇ. ಬ್ರೆಜಿಲಿನ ಫೋಟೋಗ್ರಾಫರ್ ಸೆಬಾಸ್ಟಿಯೊ ಸಲ್ಗಾಡೊ 2008ರಲ್ಲಿ ಫಿಲ್ಮ್ ಬಿಟ್ಟರು. ವಿಮಾನ ನಿಲ್ದಾಣಗಳ ಎಕ್ಸ್-ರೇ ತಪಾಸಣೆಯಲ್ಲಿ ಹಾಯ್ದು ಹಾಯ್ದು ರೋಲುಗಳು ಕೆಡುತ್ತಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ಅವರು ಕಂಪ್ಯೂಟರಿನ ಪರದೆಯ ಮೇಲೆ ಫೋಟೋ ಆರಿಸಲು ಒಪ್ಪಲಿಲ್ಲ. ಡಿಜಿಟಲ್ ಫೈಲುಗಳನ್ನು ಮೊದಲಿನಂತೆಯೇ ಕಾಂಟ್ಯಾಕ್ಟ್ ಶೀಟ್ ಆಗಿ, ಎಂದರೆ ಒಂದೇ ಹಾಳೆಯಲ್ಲಿ ಅನೇಕ ಸಣ್ಣ ಚಿತ್ರಗಳಾಗಿ, ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಭೂತಗನ್ನಡಿ ಹಿಡಿದು ಆರಿಸುತ್ತಿದ್ದರು. ತಮ್ಮ ಕೈ ಪಳಗಿದ ಹಂತವನ್ನು ಹಾಗೇ ಉಳಿಸಿಕೊಂಡು, ಉಳಿದದ್ದನ್ನು ಬದಲಾಯಿಸಿದವರು ಅವರು. ಇಂಥ ನಡುದಾರಿಯೊಂದನ್ನು ಕಾಕಾಗೂ ನಾನು ಮಾಡಿಕೊಡಬಹುದಾಗಿತ್ತೇ ಎಂದು ಅನೇಕ ಸಲ ಯೋಚಿಸಿದ್ದೇನೆ.

2009ರಲ್ಲಿ ನನ್ನ ಹಾರ್ಡ್ ಡಿಸ್ಕ್ ಕೆಟ್ಟಿತು. ರಿಪೇರಿಗೆ ಕೊಟ್ಟ ಕಡೆ, ಒಳಗಿರುವುದೇನೂ ಸಿಗುವುದಿಲ್ಲ ಎಂದು ಎರಡು ವಾರ ಇಟ್ಟುಕೊಂಡು ಹೇಳಿದರು. 2005ರಿಂದ 2008ರವರೆಗಿನ ಮದುವೆಗಳಲ್ಲಿ ಗಿರಾಕಿಗಳ ಮನೆಯ ಆಲ್ಬಮ್ಮುಗಳನ್ನು ಬಿಟ್ಟರೆ ನನ್ನ ಬಳಿ ಈಗ ಒಂದು ಚಿತ್ರವೂ ಇಲ್ಲ. ಎರಡನೆಯ ಪ್ರತಿ ಇಡಬೇಕೆಂಬ ಬುದ್ಧಿ ನನಗೆ ಇರಲಿಲ್ಲ. ಕಾಕಾ ಒಂದು ಮಾತನ್ನೂ ಆಡಲಿಲ್ಲ. ಫಿಲ್ಮ್ ಅಜರಾಮರ ಎಂದು ನಾನು ಹೇಳುವುದಿಲ್ಲ. ಅವರ ಪೆಟ್ಟಿಗೆಗಳಲ್ಲೂ ಕೆಲವನ್ನು ತೆರೆದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಅಸಿಟೇಟ್ ತಳ ತಾನಾಗಿಯೇ ಕೊಳೆಯುತ್ತ ನೆಗೆಟಿವ್‌ಗಳು ಸುರುಳಿ ಸುತ್ತಿಕೊಂಡಿವೆ. ಆದರೆ ಅವು ಕೆಡುವುದು ವರ್ಷಗಳ ಮೇಲೆ ವರ್ಷ, ಮನುಷ್ಯನಿಗೆ ಸುಳಿವು ಕೊಟ್ಟು. ನನ್ನ ನಾಲ್ಕು ವರ್ಷ ಹೋದದ್ದು ಒಂದು ಟಕ್ ಎಂಬ ಸದ್ದಿನಲ್ಲಿ.

ಆ ಪೆಟ್ಟಿಗೆಗಳಲ್ಲಿ ಹಳೇ ಬಾಗಲಕೋಟೆ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರು ಬರುತ್ತದೆಂದು ಗೊತ್ತಾದ ಮೇಲೆ, ಮುಳುಗಡೆಯಾಗಲಿರುವ ಮನೆಗಳ ಜನ ನವನಗರಕ್ಕೆ ಸಾಮಾನು ಸಾಗಿಸುವ ಮೊದಲು ಕಾಕಾನನ್ನು ಕರೆಸಿ ಫೋಟೋ ತೆಗೆಸಿಕೊಂಡರು. ಬಾಗಿಲ ಚೌಕಟ್ಟಿನ ಮುಂದೆ ಸಾಲಾಗಿ ನಿಂತ ಮನೆಮಂದಿ, ತುಳಸಿಕಟ್ಟೆ, ಮಾಳಿಗೆಯ ಮೆಟ್ಟಿಲ ಮೇಲೆ ಕೂತ ಮುದುಕಿ. ಒಂದು ಮನೆಯವರು ತೊಲೆಯ ಕೆತ್ತನೆಯನ್ನು ಮಾತ್ರ ತೆಗೆಸಿದ್ದಾರೆ, ಮನುಷ್ಯರೇ ಇಲ್ಲ. ಹೀಗೆ ಎಷ್ಟೋ ರೋಲು. ಒಂದೊಂದರ ಲಕೋಟೆಯ ಮೇಲೂ ಓಣಿಯ ಹೆಸರು, ಮನೆತನದ ಹೆಸರು ಕಾಕಾನ ಅಕ್ಷರದಲ್ಲಿದೆ. ಈಗ ಆ ಮನೆತನಗಳ ಮೊಮ್ಮಕ್ಕಳು ಬೆಂಗಳೂರಿನಿಂದ, ಪುಣೆಯಿಂದ ಫೋನ್ ಮಾಡಿ ಕೇಳುತ್ತಾರೆ.

ಹೋದ ದೀಪಾವಳಿಯಿಂದ ನಾನೂ ನನ್ನ ಮಗನೂ ಅವನ್ನೆಲ್ಲ ಡಿಜಿಟಲ್ ಕ್ಯಾಮೆರಾದಿಂದ ತೆಗೆಯುತ್ತಿದ್ದೇವೆ. ಕೆಳಗೆ ಬಿಳಿ ಬೆಳಕಿನ ಹಲಗೆ, ಮೇಲೆ ನೆಗೆಟಿವ್, ಅದರ ಮೇಲೆ ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾ. ಫಿಲ್ಮಿನವರ ಊರನ್ನು ಉಳಿಸುವ ಕೆಲಸ ಡಿಜಿಟಲ್ಲಿನ ಪಾಲಿಗೆ ಬಂದಿದೆ. ಪ್ರತಿಯೊಂದು ಫೈಲೂ ಈಗ ಮೂರು ಕಡೆ ಇರುತ್ತದೆ, ಒಂದು ಪ್ರತಿ ಬೇರೆ ಊರಿನಲ್ಲಿ. ಕಾಕಾಗೆ ಈಗ ಎಪ್ಪತ್ತೆಂಟು. ದಿನಾ ಮುಂಜಾನೆ ಹತ್ತಕ್ಕೆ ಬಂದು ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ತಿರುವು ಮಾಡುವವರೆಗೆ ನನ್ನ ಮಗನಿಗೆ ಯಾರ ಮುಖವೂ ತಿಳಿಯುವುದಿಲ್ಲ. ಕಾಕಾ ನೆಗೆಟಿವ್ ನೋಡಿಯೇ ಇದು ಇಂಥವರ ಮನೆ, ಇವಳು ಹಿರೀ ಸೊಸೆ, ಈ ಹುಡುಗ ಈಗ ಮಾಸ್ತರ್ ಆಗಿದ್ದಾನೆ ಎಂದು ಹೇಳುತ್ತ ಹೋಗುತ್ತಾರೆ, ಮಗ ಬರೆದುಕೊಳ್ಳುತ್ತಾನೆ.

ಮೊನ್ನೆ ಮುಳುಗಡೆಯ ಲಕೋಟೆಗಳು ಮುಗಿದು, ಟಚಿಂಗ್ ಮಾಡಿದ ದೊಡ್ಡ ನೆಗೆಟಿವ್‌ಗಳ ಪೆಟ್ಟಿಗೆಯನ್ನು ತೆಗೆದೆವು. ಮೊದಲನೆಯದು ಒಬ್ಬ ಹುಡುಗಿಯದು, ವಯಸ್ಸು ಹದಿನೆಂಟೋ ಇಪ್ಪತ್ತೋ. ಕೆಳಗಿನ ಬೆಳಕಿನಲ್ಲಿ ಫೋಟೋ ತೆಗೆದು ತಿರುವಿದಾಗ ಪರದೆಯ ಮೇಲೆ ನುಣುಪಾದ ಮುಖ ಮೂಡಿತು. ಕಾಕಾ ತಲೆಯಾಡಿಸಿ, "ಕೆಳಗಿನ ದೀಪಾ ಆರಸು. ಬಾಜೂಕಿಂದ ಬ್ಯಾಟರಿ ಹಿಡಿ, ಪೂರಾ ಅಡ್ಡ" ಎಂದರು. ಮಗ ಟಾರ್ಚನ್ನು ನೆಗೆಟಿವ್‌ನ ಅಂಚಿಗೆ ಸರಿಯಾಗಿ ಅಡ್ಡ ಹಿಡಿದ. ಹುಡುಗಿಯ ಮುಖ ಮರೆಯಾಗಿ, ಕೆನ್ನೆ ಹಣೆಗಳಿದ್ದ ಜಾಗದಲ್ಲಿ ಪೆನ್ಸಿಲ್ಲಿನ ಸೀಸ ಮಿರುಗಿತು. ಅಲ್ಪವಿರಾಮದಂಥ ನೂರಾರು ಗೀರುಗಳು, ಕಣ್ಣಿನ ಸುತ್ತ ಒಂದು ದಿಕ್ಕಿಗೆ, ಗಲ್ಲದ ಹತ್ತಿರ ಇನ್ನೊಂದು ದಿಕ್ಕಿಗೆ, ಒಂದರ ಮೇಲೊಂದು ಎಲ್ಲೂ ಹಾಯದಂತೆ. "ಹಾಂ, ಇದನ್ನೂ ತಗಿ" ಎಂದರು ಕಾಕಾ.

ಈಗ ಆ ಪೆಟ್ಟಿಗೆಯ ಪ್ರತಿ ನೆಗೆಟಿವ್‌ಗೂ ಎರಡು ಫೈಲು ಮಾಡುತ್ತಿದ್ದೇವೆ, ಒಂದು ಮುಖದ್ದು, ಒಂದು ಪೆನ್ಸಿಲ್ಲಿನದು. ನಿನ್ನೆಯವರೆಗೆ ಅರವತ್ತೆರಡು ಆಗಿವೆ.